ಕಣ ಕಾಯುವ ರಾತ್ರಿ ಕಂಡ ಮಳೆ ನಕ್ಷತ್ರಗಳು

ಕಾಫಿ ಕೊಯ್ಲಿನ ದಿನಗಳಲ್ಲಿ ಕಣ ಕಾಯುವುದು ನಮ್ಮ ಸದಸ್ಯರಿಗೆ ಹೊಸದೇನೂ ಅಲ್ಲ. ಹಗಲೆಲ್ಲ ಹರವಿದ ಹಣ್ಣನ್ನು ಸಂಜೆ ರಾಶಿ ಮಾಡಿ, ಮೇಲೆ ಟಾರ್ಪಾಲು ಹೊದಿಸಿ, ಕಂಬಳಿ ಹೊದ್ದು ಕುಳಿತರೆ ಬೆಳಗಿನ ಜಾವದವರೆಗೂ ಕಣ್ಣು ಮುಚ್ಚುವಂತಿಲ್ಲ. ಅಡಿಕೆ ಬೆಳೆಗಾರರಿಗೂ ಅಂಗಳದ ಕಾವಲಿನ ಕಷ್ಟ ಇದ್ದದ್ದೇ. ಹೀಗೆ ಎಚ್ಚರವಾಗಿ ಕುಳಿತವರ ತಲೆಯ ಮೇಲೆ ಇಡೀ ರಾತ್ರಿ ಏನು ನಡೆಯುತ್ತದೆಂಬುದನ್ನು ನಾವು ಇಷ್ಟು ವರ್ಷ ಸರಿಯಾಗಿ ನೋಡಿರಲಿಲ್ಲವೆಂದು ಒಪ್ಪಿಕೊಳ್ಳಲೇಬೇಕು.

ಕಳೆದ ಜನವರಿಯಲ್ಲಿ ಸಮೀಪದ ಪೇಟೆಯ ಹವ್ಯಾಸಿ ಖಗೋಳ ವೀಕ್ಷಕರ ಕೂಟದವರು ನಮ್ಮ ಸದಸ್ಯರೊಬ್ಬರ ಕಣಕ್ಕೆ ಬಂದಿದ್ದರು. ಒಂದು ದೂರದರ್ಶಕ, ಎರಡು ದುರ್ಬೀನು, ನಾಲ್ಕು ಫ್ಲಾಸ್ಕು ಕಾಫಿ, ಇಷ್ಟೇ ಅವರ ಸರಂಜಾಮು. ಬಂದವರಲ್ಲಿ ಹೆಚ್ಚಿನವರು ಹೈಸ್ಕೂಲು ಮೇಷ್ಟ್ರುಗಳು, ಬ್ಯಾಂಕಿನ ನೌಕರರು, ಕಾಲೇಜು ಹುಡುಗರು. ನಮ್ಮವರೂ ಮನೆಮಂದಿಯ ಸಹಿತ ಮೂವತ್ತು ಜನ ಸೇರಿದ್ದರು. ಹುಡುಗನೊಬ್ಬ ಗ್ರಹ, ನಕ್ಷತ್ರ ಎಂದು ವಿವರಿಸತೊಡಗಿದಾಗ ನಮ್ಮ ಹಿರಿಯ ಸದಸ್ಯರೊಬ್ಬರು ನಡುವೆ ಬಾಯಿ ಹಾಕಿದರು.

"ಅದೆಲ್ಲ ಇರಲಿ ತಮ್ಮಾ. ಆರಿದ್ರಾ ಮಳೆ, ಆರಿದ್ರಾ ಮಳೆ ಅಂತ ನಾನು ಅರವತ್ತು ವರ್ಷದಿಂದ ಹೇಳ್ತಾ ಬಂದಿದ್ದೇನೆ. ಆ ಆರಿದ್ರೆ ಯಾವುದು, ತೋರಿಸು ನೋಡುವ."

ಹುಡುಗ ತಬ್ಬಿಬ್ಬಾಗಲಿಲ್ಲ. ಪೂರ್ವಕ್ಕೆ ಕೈ ತೋರಿಸಿ, "ಅಲ್ಲಿ ನೋಡಿ ಅಜ್ಜ, ಸಾಲಾಗಿ ಮೂರು ನಕ್ಷತ್ರ ಕಾಣ್ತದಲ್ಲ, ಅದರ ಎಡಕ್ಕೆ ಕೆಂಪಗೆ ಇರೋದೇ ಆರಿದ್ರೆ" ಎಂದ. ಅಜ್ಜ ಬಹಳ ಹೊತ್ತು ನೋಡಿದರು. "ಹಾಗಾದರೆ ಮಳೆಗಾಲದಲ್ಲಿ ಇರಬೇಕಾದ್ದು ಈಗ ಯಾಕೆ ಇಲ್ಲಿದೆ?" ಎಂದು ಮರುಪ್ರಶ್ನೆ ಹಾಕಿದರು. ಆ ರಾತ್ರಿಯ ಅತ್ಯುತ್ತಮ ಪ್ರಶ್ನೆ ಅದೇ. ಅದರ ಉತ್ತರ ನಮ್ಮೆಲ್ಲ ಬೆಳೆಗಾರರಿಗೂ ತಿಳಿದಿರಬೇಕಾದದ್ದಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ.

ಭೂಮಿ ಸೂರ್ಯನ ಸುತ್ತ ಒಂದು ವರ್ಷಕ್ಕೊಮ್ಮೆ ಸುತ್ತುತ್ತದೆ. ಇದರಿಂದಾಗಿ ನಮ್ಮ ಕಣ್ಣಿಗೆ ಸೂರ್ಯನೇ ನಕ್ಷತ್ರಗಳ ನಡುವೆ ದಿನಕ್ಕೆ ಸುಮಾರು ಒಂದು ಅಂಶದಂತೆ ಪೂರ್ವಕ್ಕೆ ಜರುಗಿದಂತೆ ತೋರುತ್ತದೆ. ಈ ದಾರಿಯನ್ನು ಹಿರಿಯರು 27 ಸಮಪಾಲು ಮಾಡಿ, ಒಂದೊಂದು ಪಾಲಿಗೂ ಅಲ್ಲಿರುವ ಅಥವಾ ಅದರ ಹತ್ತಿರದ ನಕ್ಷತ್ರದ ಹೆಸರಿಟ್ಟರು. ಒಂದು ಪಾಲು ಎಂದರೆ 13 ಅಂಶ 20 ಕಲೆ. ಕೈಯನ್ನು ನೇರ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಅಂಶ. ಅಂದರೆ ಒಂದು ನಕ್ಷತ್ರದ ಪಾಲು ಒಂದು ಮುಷ್ಟಿಗಿಂತ ತುಸು ಹೆಚ್ಚು. ಇದನ್ನು ದಾಟಲು ಸೂರ್ಯನಿಗೆ ಹದಿಮೂರೂವರೆ ದಿನ ಬೇಕು. ಚಂದ್ರ ದಿನಕ್ಕೊಂದು ನಕ್ಷತ್ರ ದಾಟುತ್ತಾನೆ. ಪಂಚಾಂಗದ ನಿತ್ಯನಕ್ಷತ್ರ ಅವನದು. ಮಳೆ ನಕ್ಷತ್ರ ಮಾತ್ರ ಸೂರ್ಯನದು. ಇವೆರಡನ್ನೂ ಬೆರೆಸಿಕೊಂಡು ಗೊಂದಲಪಡುವವರು ನಮ್ಮಲ್ಲಿ ಕಡಿಮೆಯಿಲ್ಲ.

ಒಂದು ದಿನ ಆಚೀಚೆಯಾಗಿ ಏಪ್ರಿಲ್ 14ಕ್ಕೆ ಅಶ್ವಿನಿ, 27ಕ್ಕೆ ಭರಣಿ, ಮೇ 11ಕ್ಕೆ ಕೃತ್ತಿಕೆ, 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರೆ, 22ಕ್ಕೆ ಆರಿದ್ರೆ, ಜುಲೈ 6ಕ್ಕೆ ಪುನರ್ವಸು, 20ಕ್ಕೆ ಪುಷ್ಯ, ಆಗಸ್ಟ್ 3ಕ್ಕೆ ಆಶ್ಲೇಷ, 17ಕ್ಕೆ ಮಘೆ, ಹೀಗೆ ಸಾಗಿ ನವೆಂಬರ್ ಮೊದಲ ವಾರದ ವಿಶಾಖೆಗೆ ಮಳೆಯ ಲೆಕ್ಕ ಮುಗಿಯುತ್ತದೆ. ಆರಿದ್ರಾ ಮಳೆ ಎಂದರೆ ಸೂರ್ಯ ಆರಿದ್ರೆಯ ದಿಕ್ಕಿನಲ್ಲಿರುವ ಹದಿನಾಲ್ಕು ದಿನದಲ್ಲಿ ಬರುವ ಮಳೆ. ಸೂರ್ಯನ ಜೊತೆಯಲ್ಲೇ ಹುಟ್ಟಿ ಸೂರ್ಯನ ಜೊತೆಯಲ್ಲೇ ಮುಳುಗುವ ನಕ್ಷತ್ರ ಕಾಣುವುದುಂಟೆ? ಮೋಡವಿಲ್ಲದಿದ್ದರೂ ಕಾಣದು. ಅದನ್ನು ಕಾಣಬೇಕಾದರೆ ಆರು ತಿಂಗಳು ಕಾಯಬೇಕು. ಆಗ ಸೂರ್ಯ ಆ ಕಡೆ, ಆರಿದ್ರೆ ಈ ಕಡೆ. ಸೂರ್ಯ ಮುಳುಗುವ ಹೊತ್ತಿಗೆ ಅದು ಮೂಡುತ್ತದೆ. ಆ ಆರು ತಿಂಗಳ ನಂತರದ ಕಾಲವೇ ನಮ್ಮ ಕೊಯ್ಲಿನ ಕಾಲ.

ಇದನ್ನು ಕೇಳಿದ ಮೇಲೆ ನಮಗೆ ಹೊಳೆದ ಸಂಗತಿಯೊಂದಿದೆ. ಜನವರಿ ಮೊದಲ ವಾರ ಕಣದಲ್ಲಿ ರಾತ್ರಿಯಿಡೀ ಕುಳಿತವನಿಗೆ ನಮ್ಮ ಮಳೆಗಾಲವೆಲ್ಲ ಒಂದೇ ರಾತ್ರಿಯಲ್ಲಿ ತಲೆಯ ಮೇಲೆ ಹಾದುಹೋಗುತ್ತದೆ! ಎಂಟು ಗಂಟೆಗೆ ಅಶ್ವಿನಿ ನೆತ್ತಿಯನ್ನು ಸ್ವಲ್ಪ ದಾಟಿರುತ್ತದೆ. ಒಂಬತ್ತು ಕಾಲಿನ ಹೊತ್ತಿಗೆ ಕೃತ್ತಿಕೆಯ ಗೊಂಚಲು ನೆತ್ತಿಯ ಬಳಿ ಬರುತ್ತದೆ. ಹತ್ತಕ್ಕೆ ಕೆಂಪು ಛಾಯೆಯ ರೋಹಿಣಿ. ಹನ್ನೊಂದರ ಮೇಲೆ ಮೃಗಶಿರೆ ಮತ್ತು ಆರಿದ್ರೆ. ಒಂದು ಗಂಟೆ ಕಳೆದ ಮೇಲೆ ಪುನರ್ವಸುವಿನ ಜೋಡಿ. ಮೂರೂವರೆಗೆ ಮಘೆ. ಬೆಳಗಿನ ಜಾವ ಕಣದ ಕೋಳಿ ಕೂಗುವಾಗ ಚಿತ್ತೆ ಮೇಲೇರಿ, ಸ್ವಾತಿ ಹೊಳೆಯುತ್ತ, ವಿಶಾಖೆ ಪೂರ್ವದಲ್ಲಿ ಮೂಡಿರುತ್ತದೆ. ಹೂಮಳೆಯ ಅಶ್ವಿನಿ, ಭರಣಿಯಿಂದ ಹಿಡಿದು ಅಡಿಕೆ ಕೊಯ್ಲಿಗೆ ಅಡ್ಡಿಯಾಗುವ ಸ್ವಾತಿ, ವಿಶಾಖೆಯವರೆಗೆ ಹದಿನಾರು ಮಳೆಯೂ ಸಾಲಾಗಿ ಬಂದಂತಾಯಿತು. ಕಣ ಕಾಯುವವರಲ್ಲದೆ ಇದನ್ನು ಪೂರ್ತಿ ನೋಡುವ ಪುಣ್ಯ ಬೇರೆ ಯಾರಿಗಿದೆ?

ಗುರುತು ಹಿಡಿಯುವುದು ಕಷ್ಟವಲ್ಲ. ಸಾಲಾಗಿರುವ ಆ ಮೂರು ನಕ್ಷತ್ರಗಳೇ ಆಧಾರ. ಆ ಗೆರೆಯನ್ನು ಆಗ್ನೇಯಕ್ಕೆ ಮುಂದುವರಿಸಿದರೆ ಆಕಾಶದಲ್ಲೇ ಅತ್ಯಂತ ಪ್ರಕಾಶಮಾನವಾದ ಲುಬ್ಧಕ ಸಿಗುತ್ತದೆ. ವಾಯವ್ಯಕ್ಕೆ ಮುಂದುವರಿಸಿದರೆ ರೋಹಿಣಿ, ಇನ್ನೂ ಮುಂದೆ ಕೃತ್ತಿಕೆ. ಲುಬ್ಧಕದಿಂದ ದಕ್ಷಿಣಕ್ಕೆ ನಡುರಾತ್ರಿಯಲ್ಲಿ ಹೊಳೆಯುವುದು ಅಗಸ್ತ್ಯ. ಧ್ರುವ ನಕ್ಷತ್ರ ಬಹಳ ಪ್ರಕಾಶಮಾನವಾಗಿರುತ್ತದೆಂಬುದು ತಪ್ಪು ಕಲ್ಪನೆ. ನಾವಿರುವ ಅಕ್ಷಾಂಶ ಎಷ್ಟೋ ಅದು ದಿಗಂತದಿಂದ ಅಷ್ಟೇ ಎತ್ತರದಲ್ಲಿರುತ್ತದೆ. ನಮಗದು ಹದಿಮೂರು ಅಂಶದ ಆಸುಪಾಸು. ಉತ್ತರಕ್ಕೆ ಗುಡ್ಡವೋ ಸಿಲ್ವರ್ ಓಕ್ ಸಾಲೋ ಇದ್ದರೆ ಆಯುಷ್ಯವಿಡೀ ಅದೇ ತೋಟದಲ್ಲಿದ್ದವರಿಗೂ ಧ್ರುವ ಕಾಣಿಸದು.

ಇನ್ನು ಈ ಮಳೆ ನಕ್ಷತ್ರಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ವಿಷಯ ನಮ್ಮ ಜೇಬಿಗೆ ಸಂಬಂಧಿಸಿದ್ದು. ಕೆಲವು ವರ್ಷದ ಹಿಂದೆ ನಾವೇ ಒಂದು ತಪ್ಪು ಮಾಡಿದೆವು. ಮೃಗಶಿರೆ ಹುಟ್ಟಲು ಇನ್ನೂ ಹತ್ತು ದಿನವಿದೆ, ಅಷ್ಟರೊಳಗೆ ಅಡಿಕೆಗೆ ಔಷಧಿ ಹೊಡೆದರಾಯಿತು ಎಂದು ಮರ ಹತ್ತುವವರಿಗೆ ಹೇಳಿ ನಿಶ್ಚಿಂತೆಯಿಂದ ಕುಳಿತೆವು. ರೋಹಿಣಿಯಲ್ಲೇ ಮಳೆ ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಬಿಡುವು ಸಿಕ್ಕಾಗ ಹೊಡೆದ ಬೋರ್ಡೋ ದ್ರಾವಣ ಗೊನೆಗೆ ಅಂಟುವ ಮೊದಲೇ ತೊಳೆದುಹೋಯಿತು. ಆಶ್ಲೇಷದ ಹೊತ್ತಿಗೆ ಮರದ ಬುಡದಲ್ಲಿ ಕೊಳೆ ಅಡಿಕೆಯ ಹಾಸಿಗೆ. ನಕ್ಷತ್ರ ತಪ್ಪಲಿಲ್ಲ, ಅದು ಪಂಚಾಂಗದಲ್ಲಿ ಬರೆದ ದಿನವೇ ಹುಟ್ಟಿತು. ತಪ್ಪಿದ್ದು ನಮ್ಮ ಲೆಕ್ಕ.

ಇದಕ್ಕೊಂದು ಆಳವಾದ ಕಾರಣವೂ ಇದೆ. ಓಟ ನಿಧಾನವಾದ ಬುಗುರಿ ಹೇಗೆ ತಲೆದೂಗುತ್ತದೋ ಹಾಗೆ ಭೂಮಿಯ ಅಕ್ಷವೂ ಸುಮಾರು 26,000 ವರ್ಷಕ್ಕೊಮ್ಮೆ ತಲೆದೂಗುತ್ತದೆ. ಇದಕ್ಕೆ ಅಯನಚಲನ ಎನ್ನುತ್ತಾರೆ. ಇದರಿಂದ ಸೂರ್ಯ ಒಂದು ನಕ್ಷತ್ರದ ಬಳಿಗೆ ಮರಳುವ ವರ್ಷಕ್ಕೂ, ಬೇಸಿಗೆ-ಮಳೆ-ಚಳಿ ಮರುಕಳಿಸುವ ವರ್ಷಕ್ಕೂ ಸುಮಾರು 20 ನಿಮಿಷದ ವ್ಯತ್ಯಾಸ. ವರ್ಷಕ್ಕೆ 20 ನಿಮಿಷ ಯಾವ ಲೆಕ್ಕವೆಂದು ಕೇಳಬಹುದು. 72 ವರ್ಷಕ್ಕೆ ಒಂದು ದಿನವಾಗುತ್ತದೆ. ವರಾಹಮಿಹಿರನ ಕಾಲದಿಂದ, ಅಂದರೆ ಆರನೆಯ ಶತಮಾನದಿಂದ, ಇಂದಿನವರೆಗೆ ಮೂರು ವಾರಕ್ಕೂ ಮಿಕ್ಕಿ ಸರಿದಿದೆ. ಅಂದು ಹಗಲು ರಾತ್ರಿ ಸಮವಾಗುವ ದಿನದ ಹೊತ್ತಿಗೇ ಸೂರ್ಯ ಅಶ್ವಿನಿಯನ್ನು ಪ್ರವೇಶಿಸುತ್ತಿದ್ದ. ಇಂದು ಸಮರಾತ್ರಿ ಮಾರ್ಚ್ 20-21ಕ್ಕೆ, ಅಶ್ವಿನಿ ಏಪ್ರಿಲ್ 14ಕ್ಕೆ. ಹೀಗಾಗಿ ಅಂದಿನ ಆರಿದ್ರೆ ಈಗಿನ ಮೇ ತಿಂಗಳ ಕೊನೆಯಲ್ಲಿ ಬೀಳುತ್ತಿತ್ತು. ನಕ್ಷತ್ರದ ಹೆಸರಿನಲ್ಲಿ ಬಹಳ ಹಿಂದೆ ಹೇಳಿದ ಮಾತನ್ನು ಇಂದಿನ ತಾರೀಖಿಗೆ ಹಾಗೆಯೇ ಹೊಂದಿಸಲು ಹೊರಟರೆ ಅಷ್ಟು ದಿನದ ಅಂತರ ಬಂದೇ ಬರುತ್ತದೆ. ಅಲ್ಲದೆ ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬಂಥ ಗಾದೆ ಬಯಲುಸೀಮೆಯದು. ಜೋಳ ಬೆಳೆಯದ ನಮ್ಮ ಕಾಡುಗುಡ್ಡಕ್ಕೆ ಅದರ ಹಂಗು ಯಾಕೆ?

ಹಾಗೆಂದು ಮಳೆ ನಕ್ಷತ್ರವನ್ನು ಮೂಢನಂಬಿಕೆಯೆಂದು ತಳ್ಳಿಬಿಡುವವರ ಜೊತೆಗೂ ನಾವಿಲ್ಲ. ಕ್ಯಾಲೆಂಡರು ಇಲ್ಲದ ಕಾಲದಲ್ಲಿ ಅನಕ್ಷರಸ್ಥ ರೈತನ ಬಾಯಲ್ಲಿ ವರ್ಷದ ಲೆಕ್ಕವನ್ನು ಒಂದು ದಿನವೂ ತಪ್ಪದಂತೆ ಉಳಿಸಿದ್ದು ಈ ಹೆಸರುಗಳೇ. ತಂದೆ "ಮಘೆಯಲ್ಲಿ ಗೊಬ್ಬರ ಹಾಕಿದ್ದೆ" ಎಂದರೆ ಮಗನಿಗೆ ಆಗಸ್ಟ್ ಮೂರನೇ ವಾರ ಎಂದು ತಿಳಿಯುತ್ತದೆ. ದಿನ ಗೊತ್ತು ಮಾಡಲು ನಕ್ಷತ್ರ ಸಾಕು. ಮಳೆ ಬರುವುದನ್ನು ತಿಳಿಯಲು ಸಮುದ್ರದ ಮೇಲಿನ ಮೋಡವನ್ನೂ ಹವಾಮಾನ ವರದಿಯನ್ನೂ ಕೇಳಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲೇ ಒಮ್ಮೆ, ಆಮೇಲೆ 40-45 ದಿನಕ್ಕೆ ಇನ್ನೊಮ್ಮೆ ಹೊಡೆಯಬೇಕೆಂಬ ನಿಯಮಕ್ಕೆ ಯಾವ ನಕ್ಷತ್ರವೂ ಬೇಕಿಲ್ಲ.

ಮತ್ತೆ ಕಣಕ್ಕೆ ಬರೋಣ. ದೂರದರ್ಶಕದಲ್ಲಿ ಗುರುಗ್ರಹವನ್ನೂ ಅದರ ಅಕ್ಕಪಕ್ಕದ ನಾಲ್ಕು ಚಂದ್ರರನ್ನೂ ತೋರಿಸಿದರು. 1610ರ ಜನವರಿಯಲ್ಲಿ ಗೆಲಿಲಿಯೊ ಕಂಡದ್ದು ಇವನ್ನೇ. ಮೂರು ನಕ್ಷತ್ರಗಳ ಸಾಲಿನ ಕೆಳಗೆ ಮಬ್ಬು ಮೋಡದಂಥದೊಂದು ತೋರುತ್ತದೆ. ಅದು ಹೊಸ ನಕ್ಷತ್ರಗಳು ಹುಟ್ಟುತ್ತಿರುವ ನೀಹಾರಿಕೆ. ಅಲ್ಲಿಂದ ಬೆಳಕು ಬರಲು 1,300 ವರ್ಷಕ್ಕೂ ಹೆಚ್ಚು ಬೇಕು. ಆ ರಾತ್ರಿ ನಮ್ಮ ಕಣ್ಣಿಗೆ ಬಿದ್ದ ಬೆಳಕು ಹೊರಟಾಗ ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದರು. ಇದನ್ನು ಕೇಳಿ ನಮ್ಮ ಸದಸ್ಯರೊಬ್ಬರ ಮನೆಯವರು, ಆ ವರೆಗೆ ಚಳಿಯೆಂದು ಗೊಣಗುತ್ತಿದ್ದವರು, ಇನ್ನೊಮ್ಮೆ ಸಾಲಿನಲ್ಲಿ ನಿಂತರು.

ಇಂಥ ಕೂಟಗಳು ನಮ್ಮ ರಾಜ್ಯಕ್ಕೆ ಹೊಸವಲ್ಲ. ಬೆಂಗಳೂರಿನ ಹವ್ಯಾಸಿಗಳ ಸಂಘ 1976ರಲ್ಲೇ ಆರಂಭವಾಯಿತು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲೂ ಇಂಥ ಕೂಟವೊಂದಿದೆ. ಕನ್ನಡದಲ್ಲಿ ನಕ್ಷತ್ರಗಳ ವಿಷಯ ಬರೆದು ಜನರಿಗೆ ರುಚಿ ಹತ್ತಿಸಿದ ಜಿ. ಟಿ. ನಾರಾಯಣ ರಾವ್ ಅವರು 1926ರಲ್ಲಿ ಹುಟ್ಟಿದ್ದು ಮಡಿಕೇರಿಯಲ್ಲಿ. ಅವರು ಕಾಫಿ ನಾಡಿನವರೆಂಬುದು ನಮಗೆ ಹೆಮ್ಮೆ.

ಹವ್ಯಾಸಿಗಳ ನೋಟದಿಂದ ವಿಜ್ಞಾನಕ್ಕೂ ಉಪಯೋಗವಿದೆ. ಅಜ್ಜ ಕೇಳಿದ ಆರಿದ್ರೆಯೇ ಇದಕ್ಕೆ ಸಾಕ್ಷಿ. 2019ರ ಕೊನೆಯಿಂದ 2020ರ ಫೆಬ್ರವರಿಯವರೆಗೆ ಅದು ಕಣ್ಣಿಗೆ ಗೊತ್ತಾಗುವಷ್ಟು ಮಂಕಾಯಿತು. ನಕ್ಷತ್ರ ಸಿಡಿಯಲಿದೆಯೆಂದು ಪತ್ರಿಕೆಗಳು ಬರೆದವು. ಅದು ಸಿಡಿಯಲಿಲ್ಲ, ತಾನೇ ಉಗುಳಿದ ವಸ್ತು ತಣಿದು ಧೂಳಾಗಿ ಅದರ ಮುಖಕ್ಕೆ ಅಡ್ಡ ಬಂದಿತ್ತು. ಆ ದಿನಗಳಲ್ಲಿ ಲೋಕದ ನಾನಾ ಕಡೆಯ ಹವ್ಯಾಸಿಗಳು ರೋಹಿಣಿಯಂಥ ಪಕ್ಕದ ನಕ್ಷತ್ರಗಳೊಡನೆ ಹೋಲಿಸಿ, ಇಂದು ಎಷ್ಟು ಪ್ರಕಾಶ, ನಾಳೆ ಎಷ್ಟು ಎಂದು ಬರೆದಿಟ್ಟರು. ಇದಕ್ಕೆ ಬೇಕಾದದ್ದು ಕಣ್ಣು, ಪೆನ್ಸಿಲು ಮತ್ತು ತಾಳ್ಮೆ. ಮಳೆಮಾಪಕದ ಅಳತೆಯನ್ನು ತಪ್ಪದೆ ಪುಸ್ತಕದಲ್ಲಿ ಬರೆಯುವ ಬೆಳೆಗಾರರಿಗೆ ಈ ಶಿಸ್ತನ್ನು ಯಾರೂ ಕಲಿಸಬೇಕಿಲ್ಲ.

ಉಲ್ಕೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಆಗಸ್ಟ್ ತಿಂಗಳ ಉಲ್ಕಾಪಾತವನ್ನು ಪತ್ರಿಕೆಗಳು ಪ್ರತಿ ವರ್ಷ ಹೊಗಳುತ್ತವೆ. ಆಗ ನಮ್ಮಲ್ಲಿ ಆಶ್ಲೇಷದ ಮಳೆ. ಎದುರಿನ ಮರವೂ ಕಾಣದು. ನಮಗೆ ಹೇಳಿ ಮಾಡಿಸಿದ್ದು ಡಿಸೆಂಬರ್ 13-14ರ ರಾತ್ರಿಯದು. ಪುನರ್ವಸು ನಕ್ಷತ್ರಗಳ ಬಳಿಯಿಂದ ಸಿಡಿದಂತೆ ತೋರುತ್ತದೆ. ಚಂದ್ರನ ಬೆಳಕಿಲ್ಲದ ವರ್ಷ ನಡುರಾತ್ರಿಯ ನಂತರ ನಿಮಿಷಕ್ಕೊಂದಾದರೂ ಕಾಣುತ್ತದೆ.

ಗ್ರಹಣದ ಮಾತನ್ನು ಹೇಳದೆ ಮುಗಿಸಲಾರೆವು. 2019ರ ಡಿಸೆಂಬರ್ 26ರ ಬೆಳಿಗ್ಗೆ ಕಂಕಣ ಸೂರ್ಯಗ್ರಹಣದ ದಾರಿ ಮಂಗಳೂರು ಮತ್ತು ಕೊಡಗಿನ ಕುಟ್ಟದ ಮೇಲೆ ಹಾದಿತ್ತು. ಒಂಬತ್ತೂಕಾಲು ದಾಟಿದ ಮೇಲೆ ಸೂರ್ಯ ಬಳೆಯಂತಾದ. ಚಂದ್ರ ಅಂದು ಭೂಮಿಯಿಂದ ದೂರವಿದ್ದುದರಿಂದ ಅವನ ಬಿಂಬ ಸೂರ್ಯನನ್ನು ಪೂರ್ತಿ ಮುಚ್ಚಲು ಸಾಲಲಿಲ್ಲ. ದೇಶದ ನಾನಾ ಕಡೆಯಿಂದ ಜನ ಬಂದು ನೋಡಿದರು. ನಮ್ಮಲ್ಲಿ ಎಷ್ಟೋ ಮನೆಗಳವರು ಕಿಟಕಿ ಹಾಕಿ ಒಳಗೇ ಕುಳಿತರು. ಮಕ್ಕಳನ್ನೂ ಹೊರಗೆ ಬಿಡಲಿಲ್ಲ. 1980ರ ಫೆಬ್ರವರಿ 16ರಂದು ಅಂಕೋಲೆ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಪೂರ್ಣ ಗ್ರಹಣ ಹಾದುಹೋದಾಗಲೂ ಹೀಗೆಯೇ ಆಯಿತೆಂದು ಹಿರಿಯರು ನೆನೆಯುತ್ತಾರೆ. ಬರಿಗಣ್ಣಿನಲ್ಲಿ ಸೂರ್ಯನನ್ನು ನೋಡಬಾರದೆಂಬುದು ನಿಜ. ಎಕ್ಸರೇ ಹಾಳೆ, ಮಸಿ ಹಿಡಿಸಿದ ಗಾಜು, ಬೋಗುಣಿಯ ನೀರು, ಯಾವುದೂ ಸುರಕ್ಷಿತವಲ್ಲ. ಅದಕ್ಕಾಗಿಯೇ ತಯಾರಿಸಿದ ಕನ್ನಡಕ ಬೇಕು, ಇಲ್ಲವೆ 14ನೇ ನಂಬರಿನ ವೆಲ್ಡಿಂಗ್ ಗಾಜು.

ಅದೂ ಇಲ್ಲವೆ? ತೋಟಕ್ಕೆ ಹೋಗಿ ಮರದ ಕೆಳಗೆ ನೆಲ ನೋಡಿದರಾಯಿತು. ನೆರಳು ಮರದ ಎಲೆಗಳ ಸಂದಿಯಿಂದ ನೆಲಕ್ಕೆ ಬೀಳುವ ದುಂಡು ಬಿಸಿಲುಚುಕ್ಕೆಗಳು ಎಲೆಸಂದಿಯ ಆಕಾರದವಲ್ಲ. ಒಂದೊಂದೂ ಸೂರ್ಯನ ಬಿಂಬ. ಸಣ್ಣ ರಂಧ್ರ ಯಾವ ಆಕಾರದ್ದೇ ಇರಲಿ, ಸಾಕಷ್ಟು ದೂರದಲ್ಲಿ ಬೆಳಕಿನ ಮೂಲದ ಆಕಾರವನ್ನೇ ಮೂಡಿಸುತ್ತದೆ. ಗ್ರಹಣದ ದಿನ ಈ ಚುಕ್ಕೆಗಳೆಲ್ಲ ಕುಡುಗೋಲಿನಂತಾಗಿ, ಕಂಕಣದ ಹೊತ್ತಿಗೆ ಸಾವಿರಾರು ಬಳೆಗಳಾಗುತ್ತವೆ. 2031ರ ಮೇ 21ರಂದು ಮತ್ತೊಂದು ಕಂಕಣ ಗ್ರಹಣ ಕೇರಳ, ತಮಿಳುನಾಡುಗಳ ದಕ್ಷಿಣ ಭಾಗದ ಮೇಲೆ ಹಾದುಹೋಗಲಿದೆ. ನಮಗದು ಪಾರ್ಶ್ವಗ್ರಹಣ. ಅಂದು ಮಕ್ಕಳನ್ನು ತೋಟಕ್ಕೆ ಕರೆದೊಯ್ದು ನೆಲ ತೋರಿಸಿದರೆ ಕಣ್ಣಿಗೆ ಯಾವ ಅಪಾಯವೂ ಇಲ್ಲ.

ಕೊನೆಯದಾಗಿ ಒಂದು ದೂರು. ದೂರು ನಮ್ಮ ಮೇಲೆಯೇ. ಆ ರಾತ್ರಿ ಪೂರ್ವದಿಕ್ಕು ಸರಿಯಾಗಿ ಕಾಣದಂತೆ ಬೆಳಕು ಚೆಲ್ಲುತ್ತಿದ್ದದ್ದು ಒಂದೂವರೆ ಮೈಲಿ ದೂರದ ನಮ್ಮ ಸಂಘದ ಗೋದಾಮಿನ ದೀಪ! ಎಲ್‌ಇಡಿ ಅಗ್ಗವಾದ ಮೇಲೆ ಕಣಕ್ಕೆ, ಗೇಟಿಗೆ, ಕೊಟ್ಟಿಗೆಗೆ ಎಲ್ಲ ಕಡೆ ಬಿಳಿ ದೀಪ ಬಂದಿವೆ. ಕಳ್ಳರ ಕಾಟವಿರುವಾಗ ದೀಪ ಆರಿಸಿ ಎಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಅಡ್ಡಕ್ಕೆ ತಿರುಗಿಸಿದ ದೀಪ ಕಾವಲುಗಾರನ ಕಣ್ಣನ್ನೇ ಕುಕ್ಕಿ, ಅದರಾಚೆಯ ಕತ್ತಲಲ್ಲಿ ನಿಂತವನನ್ನು ಮರೆಮಾಡುತ್ತದೆ. ದೀಪವನ್ನು ಕೆಳಮುಖ ಮಾಡಿ ಮೇಲೆ ತಗಡಿನ ಟೋಪಿ ಹಾಕಿದರೆ ಕಣದ ಮೇಲೆ ಬೆಳಕು ಹೆಚ್ಚುತ್ತದೆ, ಆಕಾಶವೂ ಉಳಿಯುತ್ತದೆ. ಗೋದಾಮಿನ ದೀಪಕ್ಕೆ ಈಗ ಹಾಗೆ ಮಾಡಿಸಿದ್ದೇವೆ. ಹಳೆಯ ಎಣ್ಣೆ ಡಬ್ಬದ ತಗಡು, ಅರ್ಧ ದಿನದ ಕೆಲಸ. ಕಾವಲೂರಿನ ವೀಕ್ಷಣಾಲಯದ 2.34 ಮೀಟರ್ ದೂರದರ್ಶಕ, 1986ರಲ್ಲಿ ಆರಂಭವಾದದ್ದು, ಊರುಗಳಿಂದ ದೂರ ಜವ್ವಾದಿ ಬೆಟ್ಟದಲ್ಲಿರುವುದು ಕತ್ತಲೆಗಾಗಿಯೇ. ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲೆಯ ಆಕಾಶಕ್ಕೆ ಮೀಸಲು ಪ್ರದೇಶ ಘೋಷಿಸಿ, ಹಳ್ಳಿಯವರಿಗೇ ದೂರದರ್ಶಕ ಕೊಟ್ಟು ತರಬೇತಿ ನೀಡಿದ್ದಾರೆ. ಬೆಂಗಳೂರಿನವರು ಆಕಾಶಗಂಗೆಯನ್ನು ನೋಡಲು ಊರು ಬಿಟ್ಟು ಹೊರಡಬೇಕು. ನಮ್ಮ ಹಲವು ತೋಟಗಳಲ್ಲಿ ಅದು ಇನ್ನೂ ಅಂಗಳದಿಂದಲೇ ಕಾಣುತ್ತದೆ.

ಮುಂದಿನ ಕೊಯ್ಲಿನಲ್ಲಿ ಕೂಟದವರು ಮತ್ತೆ ಬರಲು ಒಪ್ಪಿದ್ದಾರೆ. ತಮ್ಮ ಕಣದಲ್ಲಿ ಏರ್ಪಡಿಸಲು ಇಚ್ಛಿಸುವ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಕೊಡಬೇಕಾಗಿ ವಿನಂತಿ. ಅಮಾವಾಸ್ಯೆಯ ಆಸುಪಾಸಿನ ದಿನ ಒಳ್ಳೆಯದು. ಆನೆ ಓಡಾಡುವ ಕಡೆಯವರು ಗುಡ್ಡದ ತುದಿ ಆರಿಸದೆ ಮನೆಯಂಗಳವನ್ನೇ ಆರಿಸಬೇಕು. ದೂರದರ್ಶಕಕ್ಕೆ ಮನಸೋತು ಹಣ ಸುರಿಯುವ ಮೊದಲು 7×50 ಅಥವಾ 10×50 ದುರ್ಬೀನಿನಲ್ಲಿ ಒಂದು ವರ್ಷ ನೋಡಿ ಎಂಬುದು ಕೂಟದವರ ಸಲಹೆ. ಟಾರ್ಚಿಗೆ ಕೆಂಪು ಕಾಗದ ಕಟ್ಟಿ ತನ್ನಿ. ಕಣ್ಣು ಕತ್ತಲೆಗೆ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಒಂದು ಬಿಳಿ ಟಾರ್ಚು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಮಲಗಿ ನೋಡಲು ಚಾಪೆ, ಹೊದೆಯಲು ಕಂಬಳಿ, ತಲೆಗೆ ಟೋಪಿ ಇರಲಿ. ಹತ್ತು ಗಂಟೆಯ ಮೇಲೆ ಇಬ್ಬನಿ ಸುರಿದು ದುರ್ಬೀನಿನ ಗಾಜು ಮಬ್ಬಾಗುತ್ತದೆ. ಅದನ್ನು ಪಂಚೆಯ ತುದಿಯಿಂದ ಒರೆಸಬೇಡಿ, ಗೀರು ಬೀಳುತ್ತದೆ. ದಪ್ಪ ಕಾಗದವನ್ನು ಕೊಳವೆಯಂತೆ ಸುತ್ತಿ ಮುಂದಕ್ಕೆ ಚಾಚುವಂತೆ ಕಟ್ಟಿದರೆ ಸಾಕಷ್ಟು ಹೊತ್ತು ತಡೆಯುತ್ತದೆ. ಕಾಫಿಯ ಏರ್ಪಾಡು ಕಣದ ಮಾಲೀಕರದು.